ಬಟನ್ ಒತ್ತಿದರೂ ಸುಮ್ಮನೆ ಕೂತಿರುವ ಕಂಪ್ಯೂಟರ್: ಮೊದಲು ನೇರಳೆ ವೈರ್ ನೋಡಿ

ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುವುದಿಲ್ಲ, ಲೈಟ್ ಇಲ್ಲ, ಬೀಪ್ ಇಲ್ಲ. ಇಂಥ ಕಂಪ್ಯೂಟರ್ ನೋಡಿದ ಕೂಡಲೇ ನಮ್ಮ ಗಂಗಾವತಿಯಲ್ಲಿ ಬರುವ ಮೊದಲ ಮಾತು, "ಮದರ್‌ಬೋರ್ಡ್ ಹೋಗೇತಿ, ಹೊಸಾದು ತಗೋರಿ". ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮೀಟರ್ ಹಚ್ಚದೆ ಹೇಳುವ ಮಾತು ಅದು. ನಾನು ಇಲ್ಲಿ ಹಾರ್ಡ್‌ವೇರ್ ರಿಪೇರಿ ಮಾಡಿಕೊಂಡಿರುವವನು. ಹೀಗೆ ಪೂರ್ತಿ ಸತ್ತಂತೆ ಬಿದ್ದಿರುವ ಡೆಸ್ಕ್‌ಟಾಪ್‌ಗಳಲ್ಲಿ ನಾನು ಕಂಡ ಮಟ್ಟಿಗೆ ಜಾಸ್ತಿ ಕೈಕೊಟ್ಟಿರುವುದು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ಡಿಸಿ ವೋಲ್ಟೇಜ್ ಮಾಡಿ ಕೊಡುವ ಡಬ್ಬಿ, ಎಸ್‌ಎಂಪಿಎಸ್. ಅದರಲ್ಲೂ ಅದರೊಳಗಿನ ಒಂದು ಸಣ್ಣ ಭಾಗ, ಸ್ಟ್ಯಾಂಡ್‌ಬೈ ಸರ್ಕ್ಯೂಟ್.

ನೀವು ಶಟ್‌ಡೌನ್ ಮಾಡಿ ಮನೆಗೆ ಹೋದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಈ ಸರ್ಕ್ಯೂಟ್ ರಾತ್ರಿಯಿಡೀ ದುಡಿಯುತ್ತಿರುತ್ತದೆ. ಅದರ 5 ವೋಲ್ಟ್ ನೇರಳೆ ಬಣ್ಣದ ವೈರಿನಲ್ಲಿ ಮದರ್‌ಬೋರ್ಡ್‌ಗೆ ಹೋಗುತ್ತದೆ. ನೀವು ಬಟನ್ ಒತ್ತಿದ್ದು ಬೋರ್ಡ್‌ಗೆ ಗೊತ್ತಾಗುವುದೇ ಈ ಕರೆಂಟಿನಿಂದ. ಗೊತ್ತಾದ ಮೇಲೆ ಬೋರ್ಡು ಹಸಿರು ವೈರನ್ನು ಕಪ್ಪು ವೈರಿಗೆ, ಅಂದರೆ ಗ್ರೌಂಡ್‌ಗೆ ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ ಎದ್ದು 12, 5, 3.3 ವೋಲ್ಟ್ ಕೊಡಲು ಶುರು ಮಾಡುತ್ತದೆ. ನೇರಳೆ ವೈರ್ ಖಾಲಿ ಇದ್ದರೆ ಬಟನ್ ಎಷ್ಟು ಒತ್ತಿದರೂ ಕೇಳುವವರೇ ಇರುವುದಿಲ್ಲ.

ನಮ್ಮ ಕೊಪ್ಪಳ, ರಾಯಚೂರು ಸೀಮೆಯ ಬಿಸಿಲಿಗೂ ಇದಕ್ಕೂ ನೇರ ಸಂಬಂಧ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಎಸ್‌ಎಂಪಿಎಸ್ ಒಳಗಿನ, ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ ದ್ರವ ಇರುತ್ತದೆ, ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತದೆ. 10 ಡಿಗ್ರಿ ಶಾಖ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಶಟ್‌ಡೌನ್ ಆದಾಗ ಫ್ಯಾನೂ ನಿಂತಿರುತ್ತದೆ, ಗಾಳಿ ಆಡುವುದಿಲ್ಲ. ಸ್ಟ್ಯಾಂಡ್‌ಬೈ ಭಾಗ ಮಾತ್ರ ಹಗಲೂ ರಾತ್ರಿ ಬಿಸಿಯಲ್ಲೇ ಇರುತ್ತದೆ.

ಹೋದ ಸುಗ್ಗಿಯಲ್ಲಿ ಒಂದು ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಕ್ಯಾಬಿನ್‌ನಿಂದ ಫೋನ್ ಬಂತು. "ಅಣ್ಣಾ, ಕಂಪ್ಯೂಟರ್ ಚಾಲೂನ ಆಗವಲ್ದು. ಭತ್ತದ ಲಾರಿ ಸಾಲು ನಿಂತಾವ." ನಾನು ಯಾವಾಗಲೂ ಕೇಳುವುದನ್ನೇ ಕೇಳಿದೆ: "ಬಟನ್ ಒತ್ತಿದ್ರ ಫ್ಯಾನ್ ಸಪ್ಪಳ ಬರ್ತೈತೇನಪಾ?" ಬರಲ್ಲ ಅಂದ ಹುಡುಗ. ಈ ಒಂದು ಉತ್ತರದಿಂದ ದಾರಿ ಬೇರೆಯಾಗುತ್ತದೆ. ಫ್ಯಾನ್ ತಿರುಗಿ ಸ್ಕ್ರೀನ್ ಬರದಿದ್ದರೆ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ತೆಗೆದು ಹಾಕಿ ನೋಡಬೇಕು. ಒಂದು ಕ್ಷಣ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಎಸ್‌ಎಂಪಿಎಸ್ ಭಾರ ತಾಳುತ್ತಿಲ್ಲ. ಏನೂ ಇಲ್ಲ ಅಂದರೆ ಗೋಡೆಯಿಂದ ಶುರು.

ಕ್ಯಾಬಿನ್‌ಗೆ ಹೋದೆ. ಪ್ಲಗ್ ಇದ್ದ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿದೆ, ಚಾರ್ಜ್ ಆಯಿತು. ಮಾನಿಟರಿನ ಪವರ್ ಕೇಬಲ್ ತೆಗೆದು ಸಿಪಿಯು ಡಬ್ಬಿಗೆ ಚುಚ್ಚಿದೆ. ಸಾಮಾನ್ಯವಾಗಿ ಎರಡಕ್ಕೂ ಒಂದೇ ಥರದ ಕೇಬಲ್, ಕೆಟ್ಟಿರುವುದು ಕೇಬಲ್ಲೋ ಅಲ್ಲವೋ ಇದರಿಂದ ಗೊತ್ತಾಗುತ್ತದೆ. ಯುಪಿಎಸ್ ಬಿಟ್ಟು ನೇರ ಗೋಡೆಗೂ ಕೊಟ್ಟು ನೋಡಿದೆ. ಎಸ್‌ಎಂಪಿಎಸ್ ಹಿಂಭಾಗದ ಪುಟ್ಟ ಸ್ವಿಚ್ ಸೊನ್ನೆಯ ಕಡೆ ಬಿದ್ದಿದೆಯಾ ಅಂತ ಮುಟ್ಟಿ ನೋಡಿದೆ. ಕಸ ಗುಡಿಸುವಾಗ ಪೊರಕೆ ತಾಗಿ ಅದು ಆಫ್ ಆಗಿರುವುದೂ ಉಂಟು. ಇಲ್ಲಿ ಎಲ್ಲ ಸರಿ ಇತ್ತು.

ಮುಚ್ಚಳ ಬಿಚ್ಚಿದೆ. ಭತ್ತದ ಹೊಟ್ಟಿನ ದೂಳು ಎಸ್‌ಎಂಪಿಎಸ್ ಫ್ಯಾನಿನ ಜಾಲರಿಗೆ ಕಂಬಳಿಯಂತೆ ಮೆತ್ತಿಕೊಂಡಿತ್ತು, ಬೆರಳಿಂದ ಎಳೆದರೆ ಹಾಳೆಯಾಗಿ ಎದ್ದು ಬಂತು. ಮದರ್‌ಬೋರ್ಡ್ ಮೇಲಿನ ಸಣ್ಣ ಲೈಟ್ ಆರಿತ್ತು. ತುಂಬಾ ಬೋರ್ಡ್‌ಗಳಲ್ಲಿ ಅದು ಸ್ಟ್ಯಾಂಡ್‌ಬೈ ಕರೆಂಟ್ ಇದ್ದರೆ ಉರಿಯುತ್ತದೆ. ಉರಿಯುತ್ತಿದ್ದರೆ ನಾನು ಮುಂದಿನ ಬಟನ್ನಿನ ಎರಡು ಪಿನ್ನಿನ ವೈರ್ ಕಿತ್ತು, ಆ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಕೂಡಿಸಿ ನೋಡುತ್ತಿದ್ದೆ. ಕಂಪ್ಯೂಟರ್ ಚಾಲೂ ಆದರೆ ಕೆಟ್ಟಿರುವುದು ಬರೀ ಬಟನ್ ಅಂತ ಅರ್ಥ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟೆ. ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು 24 ಪಿನ್ನಿನ ಕನೆಕ್ಟರ್ ಹಿಂದಿನಿಂದ ನೇರಳೆ ವೈರಿಗೆ ತಾಗಿಸಿದೆ. ಅಲ್ಲಿ 4.75ರಿಂದ 5.25ರೊಳಗೆ ಬರಬೇಕು. ಮೀಟರ್ 2ರ ಕೆಳಗೆ ಕುಣಿಯುತ್ತಿತ್ತು. ಕನೆಕ್ಟರ್ ಬೋರ್ಡಿನಿಂದ ಕಿತ್ತು ಮತ್ತೆ ಅಳೆದೆ, ಆಗಲೂ ಅಷ್ಟೇ. ಹಾಗಾಗಿ ಬೋರ್ಡ್ ಆ ವೋಲ್ಟೇಜನ್ನು ಎಳೆದು ಇಳಿಸುತ್ತಿಲ್ಲ, ತೊಂದರೆ ಎಸ್‌ಎಂಪಿಎಸ್‌ನದೇ. ಚೀಲದಲ್ಲಿದ್ದ ಬೇರೆ ಎಸ್‌ಎಂಪಿಎಸ್ ಹಚ್ಚಿದೆ. ಪುಟ್ಟ ಲೈಟ್ ಹತ್ತಿತು, ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ತೂಕದ ಸಾಫ್ಟ್‌ವೇರ್ ಬಂತು. ಹುಡುಗ ಬಾಗಿಲಿಗೆ ಓಡಿ "ಬರ‍್ರಿ, ಬರ‍್ರಿ" ಅಂತ ಮೊದಲ ಲಾರಿಯನ್ನು ಕರೆದ.

ಆ ಮಿಲ್ಲಿನವರಿಗೆ ಆಗಲೇ ಹೊಸ ಕಂಪ್ಯೂಟರಿನ ಕೊಟೇಶನ್ ಬಂದಿತ್ತು. ತೂಕದ ಇಂಡಿಕೇಟರಿನಿಂದ ಬರುವುದು 9 ಪಿನ್ನಿನ ಹಳೇ ಸೀರಿಯಲ್ ಕೇಬಲ್. ಈಗಿನ ಎಷ್ಟೋ ಡೆಸ್ಕ್‌ಟಾಪ್‌ಗಳ ಹಿಂದೆ ಆ ಪೋರ್ಟೇ ಇರುವುದಿಲ್ಲ. ಸುಗ್ಗಿ ನಡುವೆ ಹೊಸದು ತಂದು, ಕನ್ವರ್ಟರ್ ಹುಡುಕಿ, ಸಾಫ್ಟ್‌ವೇರ್ ಮತ್ತೆ ಹೊಂದಿಸುವಷ್ಟರಲ್ಲಿ ಲಾರಿಗಳು ಬೇರೆ ಮಿಲ್ಲಿಗೆ ಹೋಗುತ್ತಿದ್ದವು ಅಲ್ವಾ? ಅದಕ್ಕೇ ನನಗೆ ಆ "ಹೊಸಾದು ತಗೋರಿ" ಮಾತಿನ ಮೇಲೆ ಇಷ್ಟು ಸಿಟ್ಟು.

ಮೀಟರ್ ಇಲ್ಲದವರು ಇನ್ನೊಂದು ರೀತಿ ನೋಡಬಹುದು. ಪ್ಲಗ್ ತೆಗೆದು, ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರ್ ಕಿತ್ತು, 24 ಪಿನ್ನಿನದರಲ್ಲಿ ಹಸಿರು ವೈರ್ ಮತ್ತು ಯಾವುದಾದರೂ ಕಪ್ಪು ವೈರಿನ ನಡುವೆ ಪೇಪರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗಿದರೆ ಜೀವ ಇದೆ. ಆದರೆ ಫ್ಯಾನ್ ತಿರುಗಿತು ಅಂತ ಪೂರ್ತಿ ಸರಿ ಇದೆ ಅನ್ನಬೇಡಿ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯಬಹುದು. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪೇ ಇರುತ್ತವೆ. ಆಗ ಪಿನ್ ನಂಬರ್ ನೋಡಬೇಕು: ನೇರಳೆಯದು 9, ಹಸಿರಿನದು 16. ಕೆಲವು ಕಂಪನಿಗಳ ರೆಡಿಮೇಡ್ ಡೆಸ್ಕ್‌ಟಾಪ್‌ಗಳಲ್ಲಿ ಕನೆಕ್ಟರೇ ಬೇರೆ ಥರ ಇರುತ್ತದೆ, ಅವಕ್ಕೆ ಈ ಲೆಕ್ಕ ಹಚ್ಚಬೇಡಿ.

ದಯವಿಟ್ಟು ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಎಸಿ ಅದರೊಳಗೆ ಡಿಸಿ ಆದಾಗ 325ರ ಹತ್ತಿರ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಜೀವಕ್ಕೆ ಅಪಾಯ.

ಹೊಸ ಎಸ್‌ಎಂಪಿಎಸ್ ತರುವಾಗ ಸ್ಟಿಕ್ಕರಿನ ದೊಡ್ಡ ಅಕ್ಷರ ಬಿಟ್ಟು 12 ವೋಲ್ಟಿನ ಸಾಲು ಓದಿ. ಮೇಲೆ 450 ಅಂತ ಬರೆದು, ಆ ಸಾಲಿನಲ್ಲಿ 16 ಆಂಪ್ಸ್ ಇದ್ದರೆ ಅಲ್ಲಿ ಸಿಗುವುದು 192 ವ್ಯಾಟ್ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಮುಖ್ಯವಾಗಿ ಬೇಕಾಗುವುದು ಆ ಸಾಲೇ.

ರಾತ್ರಿ ಹೊರಡುವಾಗ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ, ಸ್ಟ್ಯಾಂಡ್‌ಬೈ ಭಾಗಕ್ಕೂ ಬಿಡುವು ಸಿಗಲಿ. ಆಗ ಬೋರ್ಡಿನ ಗಡಿಯಾರ ನಡೆಯುವುದು 3 ವೋಲ್ಟಿನ ಸಿಆರ್2032 ಸೆಲ್ ಮೇಲೆ. ಬೆಳಿಗ್ಗೆ ತಾರೀಖು ತಪ್ಪು ತೋರಿಸಿದರೆ ಆ ಸೆಲ್ ಬದಲಿಸಿ. ವೇಬ್ರಿಡ್ಜ್ ಚೀಟಿಯಲ್ಲಿ ತಾರೀಖು ತಪ್ಪಾದರೆ ಲಾರಿಯವರ ಜೊತೆ ಅದೇ ಒಂದು ಜಗಳ.