ಈಸ್ಟರ್ ಆದ ಮರುದಿನದ ಲೆಕ್ಕ

ಈಸ್ಟರ್ ಆದ ಮರುದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲು ಬರುವುದಿಲ್ಲ. ಆ ಸೋಮವಾರ ನಾನು ಸಭಾಪಾಲಕ ಅಲ್ಲ. ಗಂಟಲು ಕಟ್ಟಿದ, ಕಾಲು ಊದಿದ ಒಬ್ಬ ಮನುಷ್ಯ, ಅಷ್ಟೇ.

ಹಿಂದಿನ ವಾರ ಹಾಗಿರುತ್ತದೆ. ಗರಿಗಳ ಭಾನುವಾರದಿಂದ ಶುರು. ಗುರುವಾರ ರಾತ್ರಿ ಕರ್ತನ ಭೋಜನ. ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಪ್ರಸಂಗ. ಬೆಟಗೇರಿಯ ಬಿಸಿಲು, ಉಪವಾಸದ ಹೊಟ್ಟೆ, ಏಳಕ್ಕೆ ಏಳೂ ಹೊಸದಾಗಿ ಹೇಳಬೇಕು. ಹೋದ ವರ್ಷದ್ದನ್ನೇ ಹೇಳಿದರೆ ಹಿರಿಯರೊಬ್ಬರು ಹಿಡಿದುಬಿಡುತ್ತಾರೆ, ಅವರ ನೋಟ್‌ಬುಕ್ಕಿನಲ್ಲಿ ಎಲ್ಲಾ ಇದೆ! ಶನಿವಾರ ಗೋರಿಗಳಿಗೆ ಸುಣ್ಣ. ಭಾನುವಾರ ನಸುಕಿನ ಐದಕ್ಕೆ ಅಲ್ಲೇ ಪ್ರಾರ್ಥನೆ.

ಈ ಸಲ ಆ ನಸುಕಿನಲ್ಲಿ "ಕ್ರಿಸ್ತನು ಎದ್ದಿದ್ದಾನೆ" ಅಂದೆ. ಅಷ್ಟರಲ್ಲಿ ಮೈಕ್ ಬಂದ್ ಬಿತ್ತು. "ನಿಜವಾಗಿಯೂ ಎದ್ದಿದ್ದಾನೆ" ಎಂದು ಮುಂದೆ ನಿಂತವರು ಮಾತ್ರ ಹೇಳಿದರು. ಹಿಂದಿನವರು ಮೈಕಿನ ಹುಡುಗನನ್ನು ಕೂಗುತ್ತಿದ್ದರು. ಒಂಬತ್ತರ ಆರಾಧನೆ ಮುಗಿದ ಮೇಲೆ ಕೈ ಕುಲುಕಲು ಬಂದವರ ಬಾಯಲ್ಲೂ ಅದೇ. "ಅಯ್ಯನವರ, ಮುಂದಿನ ವರ್ಷ ಬ್ಯಾರೆದವಗ ಹೇಳೂಣ್ರಿ." ನಾಲ್ಕು ರಾತ್ರಿ ಕೂತು ಬರೆದ ಪ್ರಸಂಗದ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಬೇಜಾರಾಯ್ತು. ಪುನರುತ್ಥಾನದ ದಿನ ಇಂಥದ್ದಕ್ಕೆಲ್ಲ ಬೇಜಾರಾಗುತ್ತಲ್ಲ ಅಂತ ಇನ್ನೂ ಬೇಜಾರಾಯ್ತು.

ಮಧ್ಯಾಹ್ನ ರಿಜಿಸ್ಟರ್ ತೆಗೆದೆ. ಎಷ್ಟು ಮಂದಿ, ಎಷ್ಟು ಕಾಣಿಕೆ. ಇದು ನಮ್ಮ ಹಳೆಯ ಚಟ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅವರೂ ವರ್ಷಾ ವರ್ಷಾ ತಲೆ ಎಣಿಸಿ ವರದಿ ಕಳಿಸಿದವರೇ. ಈಸ್ಟರ್ ದಿನದ ಅಂಕಿ ಚೆನ್ನಾಗಿಯೇ ಇರುತ್ತದೆ. ಆದರೆ ಬೆಂಗಳೂರು, ಪುಣೆಯಿಂದ ಬಂದ ಹುಡುಗರು ಅದೇ ರಾತ್ರಿ ರೈಲು ಹತ್ತುತ್ತಾರೆ. ಮುಂದಿನ ಭಾನುವಾರ ಅರ್ಧ ಬೆಂಚು ಖಾಲಿ.

ಮೊಟ್ಟಮೊದಲ ಈಸ್ಟರಿಗೆ ಯಾರಾದರೂ ಹಾಜರಿ ಹಾಕಿದ್ದರೆ? ಬೈಬಲಿನ ಸುವಾರ್ತೆಯಲ್ಲಿ ಯೋಹಾನನು ಹೇಳುವಂತೆ, ಸಂಜೆ, ಬಾಗಿಲು ಮುಚ್ಚಿಕೊಂಡ ಮನೆ. ಗುರುವನ್ನು ಹಿಡಿದುಕೊಟ್ಟ ಯೂದ ಇಲ್ಲ, ತೋಮ ಬಂದಿಲ್ಲ. ಹನ್ನೆರಡು ಶಿಷ್ಯರಲ್ಲಿ ಹತ್ತು. ಇದ್ದವರಿಗೂ ಭಯ. "ನಿಮಗೆ ಸಮಾಧಾನವಾಗಲಿ" ಅನ್ನುತ್ತಾ ಕರ್ತನಾದ ಯೇಸು ಅವರ ನಡುವೆ ಬಂದು ನಿಂತ. ಎಂಟು ದಿನದ ಮೇಲೆ ಮತ್ತೆ ಬಂದ. ಆ ದಿನ ತೋಮ ಇದ್ದ. ಅದು ನಮ್ಮ ಖಾಲಿ ಬೆಂಚಿನ ಭಾನುವಾರವೇ ಅಲ್ವಾ?

ಆಮೇಲೆ ಶಿಷ್ಯ ಪೇತ್ರ ತನ್ನ ಹಳೆಯ ಕಸುಬಿಗೆ, ಮೀನು ಹಿಡಿಯಲು ಹೋದ. ಅವನು ಹಿಂದೆ ಸರಿದ ಅಂತ ನಾನೇ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಈಗ ನೋಡಿದರೆ, ಪಾಪ, ದಣಿದಿದ್ದ ಅನ್ನಿಸುತ್ತದೆ. ರಾತ್ರಿಯಿಡೀ ಬಲೆಗೆ ಏನೂ ಬೀಳಲಿಲ್ಲ. ಬೆಳಿಗ್ಗೆ ಕರ್ತನ ಮಾತಿನಂತೆ ಬಲೆ ಬೀಸಿದಾಗ 153 ದೊಡ್ಡ ಮೀನು. ನೋಡಿ, ಎಣಿಸುವವರು ಅಲ್ಲೂ ಇದ್ದರು! ಆದರೆ ಆ 153 ದಡಕ್ಕೆ ಬರುವ ಮೊದಲೇ ಅಲ್ಲಿ ಕೆಂಡವಿತ್ತು, ಕೆಂಡದ ಮೇಲೆ ಮೀನಿತ್ತು, ರೊಟ್ಟಿಯೂ ಇತ್ತು. ನಮ್ಮ ಕನ್ನಡ ಬೈಬಲಿನಲ್ಲಿ ಇರುವುದು ರೊಟ್ಟಿಯೇ. ಈ ಕಡೆಯವರು ಅದನ್ನು ಜೋಳದ್ದು ಅಂದುಕೊಂಡರೆ ತಪ್ಪೇನಿಲ್ಲ.

ಸೋಮವಾರ ಹತ್ತು ಗಂಟೆಗೆ ಬಾಗಿಲು ಬಡಿಯಿತು. ಸಭೆಯ ಅಜ್ಜಿಯೊಬ್ಬರು, ಕೈಮಗ್ಗದಲ್ಲಿ ನೇಯ್ದೇ ಬದುಕಿದವರು. ಬಟ್ಟೆಯಲ್ಲಿ ಸುತ್ತಿದ ಡಬ್ಬಿ ಮುಂದೆ ಇಟ್ಟರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ.

"ನಿನ್ನಿ ನಿಮ್ಮ ಮುಖ ನೋಡಿದ್ನಿರಿ. ಉಂಡಂಗ ಕಾಣಲಿಲ್ಲ."

ನಾನು ಉಣ್ಣುವವರೆಗೂ ಹೊಸ್ತಿಲ ಹತ್ತಿರ ಕೂತರು. ಪ್ರಸಂಗದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿ ತೊಳೆದು ಕೊಟ್ಟಾಗ ಏಳುತ್ತಾ ಅಂದರು:

"ನಸುಕಿನ್ಯಾಗ ಆ ಮೈಕ್ ಹೋಗಿದ್ದ ಚಲೋ ಆತು ನೋಡ್ರಿ, ಅಯ್ಯನವರ. ಹಕ್ಕಿ ಕೂಗೂದು ಕೇಳ್ತು."