ಹೊಸ ಮೂವರು ಬಂದರು

ಕೊಪ್ಪಳ, ಜೂನ್ 2, 2025, ಸೋಮವಾರ

ಇವತ್ತು ನಮ್ಮ ಸಂಸ್ಥೆಗೆ ಮೂವರು ಹೊಸ ಇಂಟರ್ನ್‌ಗಳು ಬಂದರು. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಈ ಮಳೆಗಾಲ ಪೂರ್ತಿ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ನಮ್ಮ ಜೊತೆ ಓಡಾಡುತ್ತಾರೆ. ಬಸಿರು, ಬಾಣಂತನ, ಮಕ್ಕಳ ನಡುವಿನ ಅಂತರ, ಮುಟ್ಟಿನ ತೊಂದರೆ, ಇವೇ ನಮ್ಮ ಕೆಲಸ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಊರಿನ ಹೆಸರಲ್ಲೇ ಪರಿಚಯ ಮಾಡಿಕೊಡುತ್ತೇನೆ.

ಸಿಂದಗಿ ಕಡೆಯ ಹುಡುಗಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು ಓದುತ್ತಿದ್ದಾಳೆ. ತಾಯಿ ಅಂಗನವಾಡಿ ಕಾರ್ಯಕರ್ತೆ. 2017ರಲ್ಲಿ ಮಾತೃಪೂರ್ಣ ಯೋಜನೆ ಶುರುವಾದಾಗ ಬಸುರಿ, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಊಟ ಮಾಡಬೇಕಿತ್ತು. ಬಾಣಂತಿ ಹೊಸಿಲು ದಾಟಬಾರದು ಅನ್ನುವ ಮನೆಗಳಿಗೆ ಹೋಗಿ ಅಮ್ಮ, ಅಲ್ಲಿನ ಅತ್ತೆಯಂದಿರ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದುದನ್ನು ಇವಳು ಪಕ್ಕದಲ್ಲೇ ಕೂತು ನೋಡಿದ್ದಾಳೆ. ಇವಳಿಗೆ ನಾವು ಕಲಿಸುವುದಕ್ಕಿಂತ ಇವಳಿಂದ ನಾವು ಕಲಿಯುವುದೇ ಜಾಸ್ತಿ ಇರಬಹುದು.

ನಂಜನಗೂಡಿನ ಹುಡುಗಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದಿದ್ದಾಳೆ. ಮಾತು ಕಡಿಮೆ, ಕೈ ಚುರುಕು. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು, ದೇಶ ಕುಟುಂಬ ಯೋಜನೆಯ ಕಾರ್ಯಕ್ರಮ ಶುರು ಮಾಡಿದ್ದು 1952ರಲ್ಲಿ ಅಂತ ಹೇಳಿದೆ. ಅವಳಿಗೆ ಅದು ಹೊಸ ವಿಷಯ. ತನ್ನ ಊರ ಕಡೆಯ ಕಥೆ ಅಂತ ತುಂಬಾ ಖುಷಿಪಟ್ಟಳು.

ಮೂರನೆಯವನು ಸಾಗರದ ಹುಡುಗ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ. ಅವನ ಸರದಿ ಬಂದಾಗ, "ಮೇಡಂ, ನಾನು ಆಫೀಸಲ್ಲೇ ಕೂತು ಎಂಟ್ರಿ ಕೆಲಸ ಮಾಡ್ತೀನಿ. ಹೆಂಗಸರ ವಿಷಯದಲ್ಲಿ ನಾನೇನು ಮಾತಾಡೋದು?" ಅಂದ. ನಮ್ಮಲ್ಲಿಗೆ ಬರುವ ಹುಡುಗರೇ ಕಡಿಮೆ. ಬಂದವರೂ ಹೀಗೇ ಕಂಪ್ಯೂಟರ್ ಹಿಂದೆ ಕೂತುಬಿಡುತ್ತಾರೆ. ಇವನನ್ನು ಹಾಗೆ ಬಿಡಬಾರದು ಅಂತ ಆಗಲೇ ತೀರ್ಮಾನ ಮಾಡಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಕರ್ನಾಟಕದ ಹಾಳೆ ಅವನ ಕೈಗೆ ಕೊಟ್ಟು, ಕುಟುಂಬ ಯೋಜನೆಯ ಭಾಗ ಎಲ್ಲರಿಗೂ ಕೇಳುವಂತೆ ಓದು ಅಂದೆ. ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆ, ಶೇ. 57.4. ಗಂಡಿನದು, ಶೇ. 0.0. ಅಲ್ಲಿ ನಿಂತ. ಬೆರಳಿಟ್ಟು ಮತ್ತೆ ಓದಿದ. "ಇದು ಪ್ರಿಂಟ್ ತಪ್ಪಾ ಮೇಡಂ?" ಅಂತ ಕೇಳಿದ.

ತಪ್ಪಲ್ಲ. ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಅಂತ ಅದೇ ಹಾಳೆ ಹೇಳುತ್ತದೆ. ಅಷ್ಟು ಸಣ್ಣ ಕುಟುಂಬದ ಭಾರ ಹೊತ್ತಿರುವುದು ಬಹುಪಾಲು ಹೆಂಗಸರ ಹೊಟ್ಟೆಯ ಮೇಲಿನ ಆ ಹೊಲಿಗೆ. ನಮ್ಮ ಹಳ್ಳಿಗಳಲ್ಲಿ ಇಪ್ಪತ್ತೈದು ತುಂಬುವ ಮೊದಲೇ "ಆಪರೇಷನ್ ಆಗೈತ್ರಿ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಮದುವೆ ಬೇಗ, ಎರಡು ಮಕ್ಕಳು ಬೇಗ, ಆಪರೇಷನ್ನೂ ಬೇಗ. ನಡುವೆ ವಂಕಿಯೋ (ಗರ್ಭಕೋಶದಲ್ಲಿ ಇಡುವ ಕಾಪರ್-ಟಿ) ಮಾತ್ರೆಯೋ ಏನಾದರೂ ಬಳಸಿದ್ರಾ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಗಂಡಸರ ಆಪರೇಷನ್ ಇದಕ್ಕಿಂತ ಎಷ್ಟೋ ಹಗುರ. ಹೊಟ್ಟೆ ತೆರೆಯುವುದಿಲ್ಲ. ಈಗಿನ ವಿಧಾನದಲ್ಲಿ ಒಂದು ಸಣ್ಣ ರಂಧ್ರ ಅಷ್ಟೇ, ಹೊಲಿಗೆಯೂ ಇಲ್ಲ, ಅದೇ ದಿನ ಮನೆಗೆ ಹೋಗಬಹುದು. ಮೂರು ತಿಂಗಳು ಬೇರೆ ಏನಾದರೂ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಆದರೂ ಯಾರೂ ಮುಂದೆ ಬರುವುದಿಲ್ಲ. ತುರ್ತು ಪರಿಸ್ಥಿತಿಯ ಹೊತ್ತಿಗೆ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಿದರು. ಎಷ್ಟೋ ಜನರಿಗೆ ಬಲವಂತದಿಂದ. ಆ ಭಯ ತಾತನಿಂದ ಮೊಮ್ಮಗನವರೆಗೆ ಬಂದಿದೆ. ಅದಾದ ಮೇಲೆ ಸರ್ಕಾರಗಳೂ ಗಂಡಸರ ಗೋಜು ಬಿಟ್ಟು ಹೆಂಗಸರ ಕಡೆ ತಿರುಗಿದವು.

ಅಷ್ಟು ಹೊತ್ತಿಗೆ ಯಲಬುರ್ಗಾ ಕಡೆಯ ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಬಂದರು. ಹೊಸಬರು ಬಂದ ದಿನ ಅವರನ್ನು ಕರೆಸುವುದು ನಮ್ಮ ರೂಢಿ. ಹೆಂಗಸರ ವಿಷಯದಲ್ಲಿ ತಾನೇನು ಮಾತಾಡೋದು ಅನ್ನುವ ಹುಡುಗನ ಪ್ರಶ್ನೆ ಅವರಿಗೂ ಹೇಳಿದೆ. ಅವರು ಅವನ ಕಡೆ ತಿರುಗಿ, "ತಮ್ಮಾ, ನಾ ಮನಿಗೆ ಹೋದ್ರ ಗಂಡಸ್ರು ಎದ್ದು ಹೊರಗ ಹೋಗ್ತಾರ. ನೀ ಹೋದ್ರ ಕುಂದ್ರತಾರ. ಅವ್ರಿಗೆ ಹೇಳಾಕ ನಿನ್ನಂಥವ್ರ ಬೇಕಪಾ" ಅಂದರು. ಅವನು ಕುರ್ಚಿ ಎಳೆದುಕೊಂಡು ಮೇಜಿನ ಹತ್ತಿರ ಬಂದ.

ಆಮೇಲೆ ಗರ್ಭನಿರೋಧಕಗಳ ಡಬ್ಬಿ ತೆರೆದೆವು. ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದಿನ ಕಾರ್ಡು, ನಿರೋಧ್, ಕಾಪರ್-ಟಿ. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅದರಲ್ಲಿ ಹಾರ್ಮೋನ್ ಇಲ್ಲ, ಲಖನೌದ ನಮ್ಮದೇ ಸಂಶೋಧನಾಲಯದಲ್ಲಿ ತಯಾರಾದದ್ದು ಅಂತ ನರ್ಸಿಂಗ್ ಹುಡುಗಿ ಚೆನ್ನಾಗಿ ವಿವರಿಸಿದಳು. ಕಾಪರ್-ಟಿಯನ್ನು ಸಾಗರದ ಹುಡುಗನ ಅಂಗೈಯಲ್ಲಿಟ್ಟಳು. ಬಿಳಿ ಪ್ಲಾಸ್ಟಿಕ್ಕು, ಸುತ್ತ ತಾಮ್ರದ ಎಳೆ, ತುದಿಗೆ ದಾರ. "ಇಷ್ಟು ಚಿಕ್ಕದಾ!" ಅಂತ ತಿರುಗಿಸಿ ತಿರುಗಿಸಿ ನೋಡಿದ. ಅದು ಹೊಟ್ಟೆಯೊಳಗೆ ಮೇಲೇರಿ ಎದೆಗೆ ಹೋಗುತ್ತದೆ ಅಂತ ನಂಬುವವರಿಗೆ ಅದನ್ನು ಹೀಗೇ ಕೈಯಲ್ಲಿ ಕೊಡಬೇಕು. ಬಾಯಿಮಾತಿಗಿಂತ ಅದೇ ಕೆಲಸ ಮಾಡುತ್ತದೆ.

ಅಕ್ಕ ತಮ್ಮ ನೋಟ್‌ಬುಕ್ ತೋರಿಸಿದರು. ಅಂತರಾ ತಗೊಂಡ ಹೆಂಗಸರ ಹೆಸರು, ಮುಂದಿನ ತಾರೀಕು, ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಗೋವಾ", "ಉಡುಪಿ", "ಬೆಂಗಳೂರು". ಗುಳೆ ಹೋದವರು. ಮೂರು ತಿಂಗಳಿಗೊಮ್ಮೆ ಚುಚ್ಚಬೇಕು. ತಾರೀಕು ದಾಟಿ ನಾಲ್ಕು ವಾರದವರೆಗೆ ಕೊಡಬಹುದು, ಅದಾದ ಮೇಲೆ ಬಸುರಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಗೋವಾದ ಶೆಡ್ಡಿನಲ್ಲಿ ಇರುವವಳಿಗೆ ಆಸ್ಪತ್ರೆ ಎಲ್ಲಿದೆ ಅಂತ ಯಾರು ಹೇಳುತ್ತಾರೆ? ಈಗ ಮಳೆ ಬಿದ್ದಿದೆ, ಹೆಸರುಕಾಳಿನ ಬಿತ್ತನೆಗೆ ಜನ ವಾಪಸ್ ಬರುತ್ತಿದ್ದಾರೆ. ಈ ವಾರವೇ ಮನೆ ಮನೆಗೆ ಹೋಗಬೇಕು. ಅದೂ ಬೆಳಿಗ್ಗೆ ಬೇಗ, ಹೊಲಕ್ಕೆ ಹೊರಡುವ ಮೊದಲು.

ಸಿಂದಗಿ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು: ನಮಗೆ ಟಾರ್ಗೆಟ್ ಎಷ್ಟು? ಟಾರ್ಗೆಟ್ ಇಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಹತ್ತಿರ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲೆಕ್ಕ ತುಂಬಿಸುವ ಆತುರದಲ್ಲಿ ಹೆಂಗಸಿನ ಜೀವ ಲೆಕ್ಕಕ್ಕೇ ಬರದಂತಾಗುತ್ತದೆ. ಬೇಡ ಅಂದವಳ ಮನೆಯಿಂದ ನಗುತ್ತಾ ಎದ್ದು ಬನ್ನಿ, ಅದೂ ಕೆಲಸವೇ ಅಂತ ಮೂವರಿಗೂ ಹೇಳಿದೆ. ಇನ್ನೊಂದು, ಫೋಟೋ ತೆಗೆಯುವಂತಿಲ್ಲ. ಒಂದು ಮನೆಯ ಮಾತು ಪಕ್ಕದ ಮನೆಗೆ ಹೋಗುವಂತಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ.

ನಾಳೆ ಹುಡುಗಿಯರು ಅಕ್ಕನ ಜೊತೆ, ಹುಡುಗ ನಮ್ಮ ಗಂಡು ಕಾರ್ಯಕರ್ತನ ಜೊತೆ. ಬಸ್ ಸ್ಟ್ಯಾಂಡ್ ಹೋಟೆಲ್ಲಿನ ಮುಂದೆ ಬೆಳಿಗ್ಗೆ ಗಂಡಸರು ಚಹಾಕ್ಕೆ ಸೇರುತ್ತಾರೆ. ರಾತ್ರಿ ಅವನೇ ಫೋನ್ ಮಾಡಿದ, ಅವರಿಗೆ ಮೊದಲು ಏನು ಕೇಳಲಿ ಅಂತ. ಆಪರೇಷನ್ ಮಾತು ಎತ್ತಬೇಡ, ಮಳೆ, ಬಿತ್ತನೆ ಕೇಳು ಅಂದೆ. ಅವರೇ ಮನೆಯವಳಿಗೆ ಆಪರೇಷನ್ ಆಗಿದೆ ಅಂದರೆ, ಆಗ ಆಕೆ ಎಷ್ಟು ದಿನ ಮಲಗಿದ್ದಳು, ನೀರು ಯಾರು ಹೊತ್ತರು ಅಂತ ಕೇಳು. ಕೇಳಿ ಸುಮ್ಮನಿರು, ಅವರು ಮಾತಾಡಲಿ.