ರಕ್ಷಣಾ ಸೂಟು ತೊಡುವುದಲ್ಲ, ಕಳಚುವುದನ್ನು ಕಲಿಸಿ: ಮುಚ್ಚಿದ ಕಾರ್ಖಾನೆಗಳ ಊರಿನಲ್ಲಿ ಶುಚಿ ಕೆಲಸದ ತರಬೇತಿ

ಕಲುಷಿತ ಜಾಗ ಶುಚಿ ಮಾಡುವ ತರಬೇತಿಯ ವೇಳಾಪಟ್ಟಿ ಕೈಗೆ ಬಂದರೆ ಮೊದಲು ಒಂದು ಲೆಕ್ಕ ಹಾಕಿ. ಕಲಿಯುವವರು ಬೆಂಚಿನ ಮೇಲೆ ಕೂತಿರುವ ಗಂಟೆ ಎಷ್ಟು, ಕೈಗೆ ಗ್ಲೌಸ್ ತೊಟ್ಟಿರುವ ಗಂಟೆ ಎಷ್ಟು? ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಇಂಥ ಕೆಲಸಕ್ಕೆ 40 ಗಂಟೆಯ ತರಬೇತಿ, ನುರಿತ ಮೇಲ್ವಿಚಾರಕರ ಕಣ್ಣೆದುರು 3 ದಿನ ಜಾಗದಲ್ಲೇ ಕೆಲಸ, ಆಮೇಲೆ ವರ್ಷಕ್ಕೆ 8 ಗಂಟೆ ಪುನರಭ್ಯಾಸ ಕೇಳುತ್ತದೆ. ಕೈಗಾರಿಕೆ ಕುಸಿದ ಊರುಗಳ ಜನರಿಗೇ ಈ ಕೆಲಸ ಕಲಿಸಲು ಅಲ್ಲಿನ ಪರಿಸರ ಸಂಸ್ಥೆ ಇಪಿಎ 1998ರಿಂದ ಅನುದಾನ ಕೊಡುತ್ತಿದೆ. ಚೌಕಟ್ಟು ಚೆನ್ನಾಗಿದೆ. ಆದರೆ ಆ 40ರಲ್ಲಿ 30 ಗಂಟೆ ಪರದೆ ಮೇಲೆ ಚಿತ್ರ ತೋರಿಸಿ ಮುಗಿಸಿದರೆ, ಪ್ರಮಾಣಪತ್ರ ಕೈಯಲ್ಲಿರುತ್ತದೆ, ಸೀಸದ ಧೂಳು ಮೈಯಲ್ಲಿರುತ್ತದೆ.

ಶುರುವಿಗೇ ಒಂದು ಮಧ್ಯಾಹ್ನ ಊರಿನ ನಿವೃತ್ತ ಕಾರ್ಮಿಕರನ್ನು ಕೂರಿಸಿ ಹಳೇ ಕಾರ್ಖಾನೆಯ ನಕ್ಷೆ ಬರೆಸಿ. ಲೋಹಕ್ಕೆ ಲೇಪನ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳು ಎಲ್ಲಿದ್ದವು ಎಂದರೆ ಕ್ರೋಮಿಯಂ ಮತ್ತು ಸಯನೈಡ್ ಎಲ್ಲಿ ಹುಡುಕಬೇಕು ಎಂದರ್ಥ. ಹಳೇ ಟ್ರಾನ್ಸ್‌ಫಾರ್ಮರ್ ನಿಂತಿದ್ದ ಕಟ್ಟೆಯ ಸುತ್ತ ಪಿಸಿಬಿ ಎಂಬ ವಿಷ ರಾಸಾಯನಿಕದ ಎಣ್ಣೆ ಇರಬಹುದು. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸಿದ ಜಾಗದಲ್ಲಿ ಮಣ್ಣಿನೊಳಗೆ ನೀಲಿ ಬಣ್ಣದ ಮರದ ಚೂರುಗಳು ಸಿಕ್ಕರೆ ಅದು ಗ್ಯಾಸ್ ಶುದ್ಧೀಕರಣದ ಕಸ, ಸಯನೈಡ್ ಸಂಯುಕ್ತದ ಬಣ್ಣ. ಕಂಪನಿ ದಾಖಲೆಯಲ್ಲಿ ಇಲ್ಲದ ಹೊಂಡ ಎಲ್ಲಿತ್ತು ಅಂತ ರಾತ್ರಿ ಪಾಳಿಯಲ್ಲಿ ಡ್ರಮ್ಮು ಉರುಳಿಸಿದವರಿಗೆ ಗೊತ್ತಿರುತ್ತದೆ. ಹೊರಗಿನಿಂದ ಬಂದ ಯಾವ ಗುತ್ತಿಗೆದಾರರ ಹತ್ತಿರವೂ ಈ ಮಾಹಿತಿ ಇರುವುದಿಲ್ಲ. ಊರಿನವರಿಗೇ ಕೆಲಸ ಕೊಡಬೇಕು ಎನ್ನುವುದಕ್ಕೆ ಇದು ದಯೆಯಲ್ಲ, ಗಟ್ಟಿ ಕಾರಣ.

ಇನ್ನು ಮಾಸ್ಕ್. ಇದಕ್ಕೆ ಕನಿಷ್ಠ ಒಂದು ಇಡೀ ದಿನ ಕೊಡಿ. ಮೊದಲು ವೈದ್ಯಕೀಯ ಪ್ರಶ್ನಾವಳಿ, ಆಮೇಲೆ ಮಾಸ್ಕ್ ಮುಖಕ್ಕೆ ಸೋರದಂತೆ ಕೂರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್. ಈ ಕ್ರಮ ತಲೆಕೆಳಗಾದರೆ ಹೃದಯದ ತೊಂದರೆ ಇರುವವರು ಮಾಸ್ಕ್ ಹಾಕಿಕೊಂಡು ಏದುಸಿರು ಬಿಟ್ಟಾಗಲೇ ಗೊತ್ತಾಗುವುದು. ಗಡ್ಡದ ವಿಷಯ ಸೇರ್ಪಡೆಯ ದಿನವೇ ಹೇಳಿಬಿಡಿ. ರಬ್ಬರ್ ಅಂಚಿನ ಕೆಳಗೆ ಎರಡು ದಿನದ ಕುರುಚಲು ಇದ್ದರೂ ಗಾಳಿ ನುಸುಳುತ್ತದೆ.

ಫಿಟ್ ಟೆಸ್ಟ್‌ಗಳಲ್ಲಿ ಸ್ಯಾಕರಿನ್ ಎಂಬ ಸಿಹಿ ಪುಡಿಯ ದ್ರಾವಣದ ಪರೀಕ್ಷೆ ಅಗ್ಗ, ಯಾರು ಬೇಕಾದರೂ ಕಲಿಯಬಹುದು. ಅದಕ್ಕೆ 15 ನಿಮಿಷ ಮುಂಚಿನಿಂದ ನೀರು ಬಿಟ್ಟು ಏನೂ ತಿನ್ನಬಾರದು, ಕುಡಿಯಬಾರದು. ಮೊದಲು ಮಾಸ್ಕ್ ಇಲ್ಲದೆ, ತಲೆ ಮೇಲೆ ಹುಡ್ ಹಾಕಿ, ತೆಳು ದ್ರಾವಣ ಸಿಂಪಡಿಸಿ ಅವರ ನಾಲಿಗೆಗೆ ಸಿಹಿ ತಿಳಿಯುತ್ತದೆಯೇ ನೋಡಬೇಕು. ಈ ಹೆಜ್ಜೆ ಬಿಟ್ಟರೆ ಸಿಹಿಯೇ ಗೊತ್ತಾಗದ ನಾಲಿಗೆಯವರು ಸೋರುವ ಮಾಸ್ಕಿನಲ್ಲೂ ಪಾಸಾಗುತ್ತಾರೆ. ಆಮೇಲೆ ಮಾಸ್ಕ್ ಹಾಕಿಸಿ, ಗಾಢ ದ್ರಾವಣ ಸಿಂಪಡಿಸುತ್ತಾ ಒಂದೊಂದು ನಿಮಿಷ: ಸಾಮಾನ್ಯ ಉಸಿರು, ಆಳವಾದ ಉಸಿರು, ತಲೆ ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ, ಮಾತು, ಸೊಂಟ ಬಗ್ಗಿಸುವುದು, ಮತ್ತೆ ಸಾಮಾನ್ಯ ಉಸಿರು. ಸಿಹಿ ತಿಳಿದ ಕ್ಷಣವೇ ಫೇಲ್. ಬೇರೆ ಅಳತೆ, ಬೇರೆ ಕಂಪನಿಯ ಮಾಸ್ಕ್ ಕೊಟ್ಟು ಮತ್ತೆ ನೋಡಿ. ಪಟ್ಟಿ ಬಿಗಿಮಾಡಿ ಪಾಸು ಮಾಡಿಸಬೇಡಿ, ಅತಿ ಬಿಗಿದರೆ ರಬ್ಬರ್ ಮಡಚಿಕೊಂಡು ಇನ್ನಷ್ಟು ಸೋರುತ್ತದೆ.

ಫಿಟ್ ಟೆಸ್ಟ್ ವರ್ಷಕ್ಕೊಮ್ಮೆ. ಸೀಲ್ ನೋಡಿಕೊಳ್ಳುವುದು ಮಾತ್ರ ಮಾಸ್ಕ್ ಹಾಕಿದಾಗಲೆಲ್ಲ. ಗಾಳಿ ಸೋಸುವ ಡಬ್ಬಿಗಳಾದ ಎರಡೂ ಕಾರ್ಟ್ರಿಡ್ಜ್ ಮೇಲೆ ಅಂಗೈ ಮುಚ್ಚಿ ಮೆಲ್ಲಗೆ ಉಸಿರೆಳೆದು 10 ಸೆಕೆಂಡ್ ಹಿಡಿಯಿರಿ, ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇರಬೇಕು. ಉಸಿರು ಹೊರಹೋಗುವ ಕವಾಟ ಮುಚ್ಚಿ ಮೆಲ್ಲಗೆ ಊದಿದರೆ ಸ್ವಲ್ಪ ಉಬ್ಬಬೇಕು.

ಕಾರ್ಟ್ರಿಡ್ಜ್ ವಿಷಯದಲ್ಲಿ ಹಳೇ ಕಾರ್ಮಿಕರೂ ಎಡವುತ್ತಾರೆ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕಪ್ಪು ಪಟ್ಟಿಯದು ದ್ರಾವಕಗಳ ಆವಿಗೆ, ನೇರಳೆಯದು ಧೂಳಿಗೆ. ಕಪ್ಪಿನದು ಸೀಸದ ಧೂಳು ತಡೆಯದು, ನೇರಳೆಯದು ಬೆಂಜೀನ್ ಆವಿ ತಡೆಯದು. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆ ಇರುವ ಗುಂಡಿಯಲ್ಲಿ ಯಾವ ಬಣ್ಣದ್ದೂ ಜೀವ ಉಳಿಸದು, ಏಕೆಂದರೆ ಕಾರ್ಟ್ರಿಡ್ಜ್ ಗಾಳಿಯನ್ನು ಸೋಸುತ್ತದೆ, ತಯಾರಿಸುವುದಿಲ್ಲ. ಸರಿಯಾಗಿ ಕೂತ ಅರ್ಧಮುಖದ ಮಾಸ್ಕಿಗೂ ಲೆಕ್ಕದ ಮಿತಿ, ನಿಯಮ ಒಪ್ಪುವ ಪ್ರಮಾಣದ 10 ಪಟ್ಟು ಮಾತ್ರ. ಅಮೆರಿಕದ ನಿಯಮದಲ್ಲಿ ಗಾಳಿಯ ಸೀಸಕ್ಕೆ 8 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 50 ಮೈಕ್ರೋಗ್ರಾಂ. ಮಾಸ್ಕಿನ ಹೊರಗೆ 500 ದಾಟಿದರೆ ಆ ಮಾಸ್ಕ್ ಸಾಲದು. ಈ ಗುಣಾಕಾರವನ್ನು ಎಲ್ಲರ ಕೈಯಲ್ಲೂ ಕಾಗದದ ಮೇಲೆ ಮಾಡಿಸಿ.

ಈಗ ಕಳಚುವ ವಿಷಯ. ಸೂಟು ತೊಡುವಾಗ ಮೈ ಶುಚಿ, ಸೂಟೂ ಶುಚಿ, ತಪ್ಪಿದರೆ ಅಲ್ಲೇ ತಿದ್ದಿಕೊಳ್ಳಬಹುದು. ಕಳಚುವಾಗ ಹೊರಗೆಲ್ಲ ವಿಷ, ಒಳಗೆ ಬೆವರು, ಮನಸ್ಸೆಲ್ಲ ನೀರಿನ ಬಾಟಲಿ ಮೇಲೆ. ಜನ ಎಡವುವುದು ಇಲ್ಲಿ. ಕ್ರಮ ಇದು: ಹೊರಗಿನ ಬೂಟು, ಗ್ಲೌಸ್ ತೊಳೆದು ಜಾಲಿಸಿ, ಮಣಿಕಟ್ಟು, ಕಾಲುಗಳ ಟೇಪ್ ಕೀಳಿ, ಹೊರಬೂಟು, ಹೊರಗ್ಲೌಸ್ ತೆಗೆಯಿರಿ, ಸೂಟನ್ನು ಭುಜದಿಂದ ಕೆಳಕ್ಕೆ, ಒಳಮೈ ಹೊರಗೆ ಬರುವಂತೆ ಸುರುಳಿ ಸುತ್ತುತ್ತಾ ಇಳಿಸಿ, ಒಳಗ್ಲೌಸ್ ತೊಳೆಯಿರಿ, ಆಗ ಮಾಸ್ಕ್, ಕಟ್ಟಕಡೆಗೆ ಒಳಗ್ಲೌಸ್. ಮಾಸ್ಕನ್ನು ಮೊದಲೇ ಕಿತ್ತರೆ ಸೂಟಿನಿಂದ ಏಳುವ ಧೂಳು ನೇರ ಮೂಗಿಗೆ. ಸೆಕೆ ತಾಳಲಾರದೆ ಎಲ್ಲರೂ ಮಾಡಲು ಹೋಗುವ ತಪ್ಪು ಇದೇ.

ಟೇಪ್ ಸುತ್ತುವಾಗ ತುದಿಯನ್ನು ಒಂದು ಇಂಚು ಒಳಕ್ಕೆ ಮಡಚಿ ಕಿವಿಯಂತೆ ಬಿಡಿ. ಬಿಡದಿದ್ದರೆ ದಪ್ಪ ಗ್ಲೌಸಿನಲ್ಲಿ ತುದಿ ಸಿಗದೆ ಪರದಾಡಿ, ಕೊನೆಗೆ ಸೂಟನ್ನೇ ಹರಿಯುತ್ತಾರೆ.

ಕಲಿಸಲು ಶೇವಿಂಗ್ ಫೋಮ್ ಸಾಕು. ಹೊರಗ್ಲೌಸ್, ಎದೆ, ಮೊಣಕಾಲಿಗೆ ದಪ್ಪಗೆ ಬಳಿದು ತೊಳೆಯದೆ ಕಳಚಲು ಹೇಳಿ. ಮುಗಿದ ಮೇಲೆ ಕತ್ತು, ಮಣಿಕಟ್ಟು, ಕಿವಿಯ ಹಿಂದೆ ನೋಡಿ. ಮೊದಲ ಸಲ ಗಲ್ಲದ ಕೆಳಗೆ ಬಿಳಿ ಗೆರೆ ಕಂಡವರಿಗೆ ಎರಡನೇ ಸಲ ಭಾಷಣ ಬೇಕಿಲ್ಲ. ಹತ್ತು ಸಲವಾದರೂ ಮಾಡಿಸಿ, ಕೊನೆಯ ಎರಡು ಸಲ ಅರ್ಧ ಗಂಟೆ ಗುದ್ದಲಿ ಹಿಡಿಸಿ ದಣಿಸಿದ ಮೇಲೆ. ಸೂಟಿನೊಳಗೆ ಬೆವರು ಆರುವುದಿಲ್ಲವಾದ್ದರಿಂದ ಬಿಸಿಲಲ್ಲಿ ಪ್ರತಿ 15-20 ನಿಮಿಷಕ್ಕೆ ಸುಮಾರು 240 ಮಿಲಿಲೀಟರ್ ನೀರು ಬೇಕು. ಕುಡಿಯಲು ಪ್ರತಿಸಲವೂ ಕಳಚಿ ಹೊರಬರಬೇಕು. ಹಾಗಾಗಿ ಪಾಳಿಗಳು ಚಿಕ್ಕದಾಗಿರಲಿ.

ಮೀಟರುಗಳಲ್ಲಿ ಅಂಕಿ ಓದುವುದಕ್ಕಿಂತ ಮೀಟರ್ ಯಾವಾಗ ಮೋಸ ಹೋಗುತ್ತದೆ ಎಂಬುದನ್ನು ಕಲಿಸಿ. ದ್ರಾವಕದ ಆವಿ ಹಿಡಿಯುವ ಪಿಐಡಿಯಲ್ಲಿ 10.6 ಎಲೆಕ್ಟ್ರಾನ್ ವೋಲ್ಟ್ ದೀಪವಿದ್ದರೆ ಬೆಂಜೀನ್ ಕಾಣುತ್ತದೆ, ಮೀಥೇನ್ ಕಾಣುವುದೇ ಇಲ್ಲ. ಸೊನ್ನೆ ತೋರಿಸಿತು ಅಂತ ಹಳೇ ಕಸದ ಗುಡ್ಡೆಯ ಮೇಲೆ ಕಿಡಿ ಹಾರಿಸಬಾರದು. ಗಾಳಿಯಲ್ಲಿ ತೇವ ಹೆಚ್ಚಿದರೆ ಅದೇ ಮೀಟರ್ ಕಡಿಮೆ ತೋರಿಸಬಹುದು. ಸಿಡಿಯುವ ಅನಿಲದ ಸೆನ್ಸರ್ ಸಿಲಿಕೋನ್ ಸ್ಪ್ರೇ ತಾಗಿದರೆ ಸತ್ತುಹೋಗುತ್ತದೆ, ಪರದೆ ಮಾತ್ರ ಬೆಳಗುತ್ತಲೇ ಇರುತ್ತದೆ. ಅದಕ್ಕೇ ದಿನವೂ ಬೆಳಿಗ್ಗೆ ತಿಳಿದ ಅನಿಲ ಊದಿ ಬಂಪ್ ಟೆಸ್ಟ್. ಮಣ್ಣಿನ ಲೋಹ ಅಳೆಯುವ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಎಕ್ಸ್‌ಆರ್‌ಎಫ್ ಒದ್ದೆ ಮಣ್ಣಿನಲ್ಲಿ ಕಡಿಮೆ ಹೇಳುತ್ತದೆ. ಸೀಸ ತುಂಬಾ ಇರುವಲ್ಲಿ ಅದು ಕೊಡುವ ಆರ್ಸೆನಿಕ್ ಅಂಕಿ ನಂಬಬೇಡಿ, ಎರಡರ ಎಕ್ಸ್‌ರೇ ಗೆರೆಗಳೂ 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದರ ಮೇಲೊಂದು ಬೀಳುತ್ತವೆ. ಲ್ಯಾಬಿಗೇ ಕಳಿಸಿ.

ಸ್ಯಾಂಪಲ್ ತೆಗೆಯುವಾಗ ಆವಿಯಾಗುವ ದ್ರಾವಕದ್ದು ಮೊದಲು, ಉಳಿದದ್ದು ಆಮೇಲೆ. ನೀರಿನದಾದರೆ 40 ಮಿಲಿಲೀಟರ್ ಸೀಸೆ ತುಂಬಿ ಮುಚ್ಚಿ, ತಲೆಕೆಳಗು ಮಾಡಿ ಬೆರಳಿಂದ ತಟ್ಟಿ ನೋಡಿ. ಬಟಾಣಿಯಷ್ಟು ಗುಳ್ಳೆ ಎದ್ದರೂ ಆ ಸೀಸೆ ಬಿಟ್ಟು ಹೊಸದು ತುಂಬಿ, ದ್ರಾವಕ ಆ ಗುಳ್ಳೆಗೆ ಸೇರಿಕೊಳ್ಳುತ್ತದೆ.

ಡ್ರಮ್ಮು, ಕಂದಕದ ಬಗ್ಗೆ ಚುಟುಕಾಗಿ. ಮಣ್ಣು ತುಂಬಿದ 200 ಲೀಟರ್ ಡ್ರಮ್ಮು 300 ಕಿಲೋ ದಾಟಬಹುದು, ಕೈಯಿಂದ ಅಲುಗಾಡಿಸಬೇಡಿ. ಮುಚ್ಚಳ ಉಬ್ಬಿದ್ದರೆ ಒಳಗೆ ಒತ್ತಡವಿದೆ, ಹತ್ತಿರವೇ ಹೋಗಬೇಡಿ. ಒಂದೂವರೆ ಮೀಟರ್ ಆಳದ ಕಂದಕಕ್ಕೆ ಆಸರೆ ಅಥವಾ ಇಳಿಜಾರು ಬೇಕು, ಅಗೆದ ಮಣ್ಣು ಅಂಚಿನಿಂದ 60 ಸೆಂಟಿಮೀಟರ್ ದೂರ.

ಕೊನೆಗೆ ಕೆಲಸದ ಮಾತು. ಗುತ್ತಿಗೆದಾರರ ಜೊತೆ ತರಬೇತಿ ಮುಗಿದ ಮೇಲಲ್ಲ, ಶುರುವಾಗುವ ಮುಂಚೆ ಕೂತು ಮಾತಾಡಿ: ಮುಂದಿನ ಆರು ತಿಂಗಳಲ್ಲಿ ಯಾವ ಕೆಲಸ, ಎಷ್ಟು ಜನ, ಯಾವ ಪರವಾನಗಿ. ಕಲ್ನಾರು ತೆಗೆಯಲು, ಸೀಸದ ಬಣ್ಣ ಕೆರೆಯಲು ಪ್ರತ್ಯೇಕ ಪ್ರಮಾಣಪತ್ರ ಕೇಳುತ್ತಾರೆ, ಲಾರಿಗೆ ಲೈಸೆನ್ಸ್ ಕೇಳುತ್ತಾರೆ. ಮಣ್ಣಿನ ಕೆಲಸ ವರ್ಷವಿಡೀ ಇರುವುದಿಲ್ಲ. ಕಟ್ಟಡದೊಳಗಿನ ಕಲ್ನಾರು ಕೆಲಸ ಆ ಖಾಲಿ ತಿಂಗಳು ತುಂಬುತ್ತದೆ. ತರಬೇತಿಯ ದಿನಗಳಿಗೂ ಕೂಲಿ ಕೊಡಿ, ಇಲ್ಲದಿದ್ದರೆ ಸಿಕ್ಕ ಬಿಡಿಗೆಲಸಕ್ಕೆ ಮೂರನೇ ದಿನವೇ ಬೆಂಚು ಖಾಲಿ. ಆ 3 ದಿನದ ಜಾಗದ ಕೆಲಸವನ್ನು ನೇಮಿಸಿಕೊಳ್ಳುವ ಗುತ್ತಿಗೆದಾರರ ಜಾಗದಲ್ಲೇ ಗೊತ್ತುಮಾಡಿ, ಅವರ ಮೇಲ್ವಿಚಾರಕರು ನಿಮ್ಮವರು ಸೂಟು ಕಳಚುವುದನ್ನು ಕಣ್ಣಾರೆ ನೋಡಲಿ.